ಹತ್ತೇ ನಿಮಿಷ

ಮಗಳ ಆಪರೇಷನ್‌ಗೆ ರಕ್ತ ಬೇಕಿತ್ತು. ಮನೆಯವರೊಬ್ಬರು ರಕ್ತ ಕೊಟ್ಟರಷ್ಟೇ ನಾವೂ ಕೊಡುತ್ತೇವೆ ಎಂದಿತ್ತು ರಕ್ತನಿಧಿ. ಬೆಳಗಿನಿಂದ ಗೇಟಿನಾಚೆ ಬಿಸಿಲಲ್ಲಿ ನಿಂತಿದ್ದ ಅಪ್ಪನಿಗೆ ಮಧ್ಯಾಹ್ನ ಟೋಕನ್ ಸಿಕ್ಕಿತು. ಒಳಗೆ ಗೋಡೆಯ ಮೇಲೆ ದೊಡ್ಡ ಫಲಕವಿತ್ತು: ‘ಇಲ್ಲಿ ಕಾಯುವ ಸಮಯ ಹತ್ತೇ ನಿಮಿಷ.’

“ಯಾರ್ರೀ ಇದನ್ನ ಬರೆಸಿದ್ದು?” ಎಂದು ಕೂಗಿದ.

“ಟೋಕನ್ ಕೊಟ್ಟ ಮೇಲಿಂದ ಲೆಕ್ಕ ಸರ್,” ಮ್ಯಾನೇಜರ್ ನಕ್ಕರು. “ಗೇಟಿನಾಚೆ ನಿಂತವರು ನಮ್ಮ ಕ್ಯೂಗೆ ಸೇರಲ್ಲ. ಅದಕ್ಕೇ ಈ ವರ್ಷ ನಮಗೆ ಪ್ರಶಸ್ತಿ ಬಂದಿರೋದು.”

“ಹಾಗಾದ್ರೆ ಆಚೆ ನಿಂತಿರೋರೇನು, ನಿಮ್ಮ ಗೇಟ್ ಕಾಯೋ ವಾಚ್‌ಮನ್‌ಗಳಾ? ಅಲ್ಲಿ ನನ್ನ ಮಗಳನ್ನ ಸ್ಟ್ರೆಚರ್ ಮೇಲೆ ಮಲಗ್ಸಿದಾರೆ ಕಣ್ರೀ!”

“ಕೂಗಬೇಡಿ. ನೋಡಿ, ನಿಮ್ಮ ನಂಬರ್ ಬಂದೇ ಬಿಡ್ತು. ಹತ್ತು ನಿಮಿಷ ಕೂಡ ಆಗಿಲ್ಲ.”

ಅವನು ಹಲ್ಲು ಕಚ್ಚಿಕೊಂಡು ಒಳಗೆ ಹೋಗಿ ತೋಳು ಚಾಚಿದ. ನರ್ಸ್ ಪಟ್ಟಿ ಸುತ್ತಿ ಬಿಪಿ ನೋಡಿದರು. ಇನ್ನೊಮ್ಮೆ ನೋಡಿ ಪಟ್ಟಿ ಬಿಚ್ಚಿದರು.

“ತುಂಬಾ ಜಾಸ್ತಿ ಇದೆ ಅಣ್ಣ, ಈಗ ರಕ್ತ ತಗೊಳೋ ಹಾಗಿಲ್ಲ. ಕೋಪ ಇಳಿದ ಮೇಲೆ ಬನ್ನಿ, ಗೇಟಿನ ಹತ್ರ ಹೊಸ ಟೋಕನ್ ಕೊಡ್ತಾರೆ.”