ಶೂ ಡಬ್ಬಿಯೊಳಗಿನ ನಂಬರು

ಅಮೆರಿಕದ ಲಿವರ್‌ಮೋರ್‌ನಲ್ಲಿ ಜನ ಬೇಡದ ಸಾಮಾನು ಮಾರುವ ಗರಾಜ್ ಸೇಲುಗಳಲ್ಲಿ ಹಳೇ ಜಾಹೀರಾತಿನ ಮ್ಯಾಗ್ನೆಟ್ಟು ಕೊಂಡು ಕೊಂಡು ನನ್ನ ಫ್ರಿಜ್ಜಿನ ಬಾಗಿಲೇ ಕಾಣುತ್ತಿಲ್ಲ, ಆದರೂ ಒಂದನ್ನೂ ಡಬ್ಬಿಗೆ ಹಾಕುವ ಧೈರ್ಯ ನನಗಿಲ್ಲ.

ನನಗೆ ಎಂಟು ವರ್ಷವಾಗುವವರೆಗೆ ಆ ಧೈರ್ಯವಿತ್ತು. ಪಿಜ್ಜಾದವನದು, ಪ್ಲಂಬರನದು, ಹಲ್ಲು ಕಿರಿಯುವ ಮನೆ ಏಜೆಂಟನದು, ಎಲ್ಲವನ್ನೂ ಫ್ರಿಜ್ಜಿನಿಂದ ಕಿತ್ತು ಶೂ ಡಬ್ಬಿಗೆ ತುಂಬುತ್ತಿದ್ದೆ. ಒಂದು ಮಧ್ಯಾಹ್ನ ಅಜ್ಜಿಯ ಬಿ.ಪಿ. ಮಾತ್ರೆಯನ್ನು ಪೆಪ್ಪರಮಿಂಟಿನಂತೆ ಚೀಪುತ್ತಾ ನನ್ನ ಪುಟ್ಟ ತಮ್ಮ ಬಂದ. ಅಮ್ಮ ಅವನನ್ನೆತ್ತಿಕೊಂಡು ಫ್ರಿಜ್ಜಿನತ್ತ ಓಡಿದಳು.

"ವಿಷ ನುಂಗಿದ್ರೆ ಫೋನ್ ಮಾಡೋ ನಂಬರು ಇಲ್ಲೇ ಇತ್ತಲ್ಲ, ಯಾರು ತೆಗೆದ್ರು?"

ಗಾಬರಿಯಲ್ಲೂ ಕಣ್ಣಿಗೆ ಬೀಳಲೆಂದೇ ಔಷಧಿ ಅಂಗಡಿಯವರು ಗಿಳಿಹಸಿರಿನಲ್ಲಿ ಮಾಡಿಸಿ ಪುಕ್ಕಟೆ ಹಂಚಿದ್ದ ಮ್ಯಾಗ್ನೆಟ್ಟು ಅದು. ಬಣ್ಣ ಚೆಂದವೆಂದು ನನ್ನ ಮಂಚದಡಿಯ ಶೂ ಡಬ್ಬಿ ಸೇರಿತ್ತು. ಅಜ್ಜಿ ನನ್ನ ಮುಖ ನೋಡಿದರು, ಸೀದಾ ನನ್ನ ಕೋಣೆಗೆ ಹೋಗಿ ಅದನ್ನು ತಂದರು.

"ಒರೆಸೋವಾಗ ನಾನೇ ತೆಗೆದಿಟ್ಟು ಮರೆತಿದ್ದೆ ಕಣಮ್ಮ. ಮೊದಲು ಫೋನ್ ಮಾಡು."

ಸಂಜೆ ಆಸ್ಪತ್ರೆಯಿಂದ ತಮ್ಮ ಐಸ್‌ಕ್ರೀಮು ಕೇಳುತ್ತಾ ಮರಳಿದ. ಊಟದ ಟೇಬಲ್ಲಿನಲ್ಲಿ ಅಪ್ಪ ಅಜ್ಜಿಗೆ, "ಮಾತ್ರೆ ಮಗು ಕೈಗೆ ಸಿಗೋ ಹಾಗಿಡ್ತೀಯ, ನಂಬರು ಬಚ್ಚಿಡ್ತೀಯ. ಏನಮ್ಮಾ ನೀನು?" ಅಂದ.

ಅಜ್ಜಿ ನನ್ನ ತಟ್ಟೆಗೆ ಮೊಸರನ್ನ ಕಲೆಸಿ ಹಾಕಿದರು. ನಾನು ಶೂ ಡಬ್ಬಿಯ ಮಾತೆತ್ತದೆ ತಿಂದೆ.