ಶ್ರೇಷ್ಠ ಮಾರ್ಗದರ್ಶಕ

ಮನಃಶಾಸ್ತ್ರದ ಪ್ರೊಫೆಸರ್ ಗುರುಮಲ್ಲಪ್ಪನವರಿಗೆ ವಿಶ್ವವಿದ್ಯಾಲಯದ ಶ್ರೇಷ್ಠ ಮಾರ್ಗದರ್ಶಕ ಪ್ರಶಸ್ತಿ ಬಂದಿತ್ತು. ಅವರ ಹಳೆಯ ವಿದ್ಯಾರ್ಥಿನಿ ಚಾರುಮತಿಗೆ ನಿಶ್ಚಿತಾರ್ಥವಾಗಿ ಹತ್ತೇ ದಿನ. ಗುರುಗಳನ್ನು ತೋರಿಸಲೆಂದು ಭಾವೀ ಅತ್ತೆಯನ್ನೂ ಪ್ರಶಸ್ತಿ ಸಮಾರಂಭಕ್ಕೆ ಕರೆತಂದು ಮೊದಲ ಸಾಲಿನಲ್ಲಿ ಕೂತಿದ್ದಳು.

"ಸಾಯೋಕೆ ಹೊರಟಿದ್ದ ಹುಡುಗಿಯೊಬ್ಬಳು ಒಂದು ವರ್ಷ ನನ್ನ ಹತ್ತಿರ ಬಂದು ಅತ್ತಳು," ಎಂದರು ಪ್ರೊಫೆಸರರು ಮೈಕಿನಲ್ಲಿ. "ಈಗ ಚೆನ್ನಾಗಿದ್ದಾಳೆ. ಹೆಸರು ಮಾತ್ರ ಹೇಳೋದಿಲ್ಲ, ಅದು ನಮ್ಮ ವೃತ್ತಿಧರ್ಮ."

ಚಾರುಮತಿ ಬಿಗಿಹಿಡಿದಿದ್ದ ಉಸಿರು ಬಿಟ್ಟಳು.

ಅತ್ತೆ ಅವಳ ಕಿವಿಯಲ್ಲಿ ಪಿಸುಗುಟ್ಟಿದರು: "ಅಂಥ ಹುಡುಗೀನ ಯಾರು ಮನೆಗೆ ತಂದ್ಕೋತಾರಮ್ಮ? ನಮ್ಮ ಪುಣ್ಯ, ನೀನು ಸಿಕ್ದೆ."

ಸಭಾಂಗಣದ ಚಪ್ಪಾಳೆ ನಿಲ್ಲಲೇ ಇಲ್ಲ. ಪ್ರೊಫೆಸರರ ಕಣ್ಣು ತುಂಬಿ ಬಂತು. ಅವರು ಮೊದಲ ಸಾಲಿನತ್ತ ಕೈಚಾಚಿ, ಚಾರುಮತಿಯನ್ನೇ ನೋಡುತ್ತ ಅಕ್ಕರೆಯಿಂದ ಕರೆದರು:

"ಎದ್ದು ನಿಲ್ಲು ಮಗಳೇ, ಎಲ್ಲರೂ ನಿನ್ನನ್ನ ನೋಡಲಿ."