ಅರಗಿನಲ್ಲಿ ನಿಂತ ಅಲಗು

ನನ್ನ ಕುಲುಮೆಗೆ ಬಂದವನನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಹೆಗಲಲ್ಲಿ ಬಿಲ್ಲಿತ್ತು, ಕೈಯಲ್ಲಿ ಅಲಗಿಲ್ಲದ ಒಂದೇ ಒಂದು ಬಾಣ.

“ಇದಕ್ಕೊಂದು ಅಗಲವಾದ ಅಲಗು ಕೂರಿಸಿಕೊಡಿ ಅಣ್ಣಾ.”

“ಹಂದಿಗಾ, ಕಡವೆಗಾ? ಅದನ್ನ ನೋಡ್ಕೊಂಡು ಅಲಗು ಆರಿಸ್ಬೇಕು.”

“ಹೊಡೆಯೋಕೆ ಮುಂಚೆ ನಮ್ಮಲ್ಲಿ ಹೆಸರು ಹೇಳಲ್ಲ. ಎದುರಿಗೆ ನಿಂತು ಎದೆಗೇ ಹೊಡೀಬೇಕು. ಒಂದೇ ಏಟಿಗೆ ಬೀಳ್ಬೇಕು, ಅಷ್ಟೇ.”

ಹಂದಿಯಾಗಲಿ ಕಡವೆಯಾಗಲಿ, ಬೇಟೆಗಾರ ಹೊಡೆಯುವುದು ಪಕ್ಕೆಗೆ. ಎದುರಿಗೆ ಎದೆಯೊಡ್ಡಿ ನಿಲ್ಲುವುದು ಮನುಷ್ಯ ಮಾತ್ರ. ಆಗುವುದಿಲ್ಲ ಎನ್ನುವಷ್ಟು ಗುಂಡಿಗೆ ನನಗಿರಲಿಲ್ಲ.

ಅವನು ನೀರು ಕುಡಿಯಲು ಆಚೆ ತಿರುಗಿದಾಗ, ಬಾಣದ ಬಿದಿರಿನೊಳಗೆ ಇಳಿಯಬೇಕಾದ ಅಲಗಿನ ಬಾಲವನ್ನು ಮುರಿದುಹಾಕಿ, ಬರೀ ಅರಗಿನಲ್ಲಿ ಅಂಟಿಸಿಬಿಟ್ಟೆ. ನೋಡಲು ಗಟ್ಟಿ, ತಗುಲಿದೊಡನೆ ಕಳಚಿ ಬೀಳುತ್ತದೆ. ಯಾರೋ ಒಬ್ಬ ಬದುಕಿಕೊಳ್ಳಲಿ.

ಬಾಣವನ್ನು ತಿರುಗಿಸಿ ನೋಡಿ ಅವನು ತಲೆದೂಗಿದ. “ಹೊಳೆತನಕ ಬಂದು ದಾರಿ ತೋರಿಸ್ತೀರಾ?”

ಅವನು ಹುಡುಕುತ್ತಿರುವುದು ನನ್ನನ್ನೇ ಇರಬಹುದೆ? ಆದರೂ ಆ ಅಲಗು ನಿಲ್ಲುವುದಿಲ್ಲ ಎಂಬ ಧೈರ್ಯವೊಂದಿತ್ತು. ಹೊರಟೆ.

ಹೊಳೆಯ ದಂಡೆಯಲ್ಲಿ ಪೊದೆ ಅಲುಗಿತು. ಭುಜದಲ್ಲಿ ಹಳೆಯ ಗಾಯವಿದ್ದ ಕರಡಿಯೊಂದು ಅಬ್ಬರಿಸುತ್ತ ಹೊರಬಂದು, ಹಿಂಗಾಲಿನ ಮೇಲೆ ಎದ್ದು, ನಮಗೆ ಎದೆಕೊಟ್ಟು ನಿಂತಿತು.

ಅವನು ನನ್ನನ್ನು ಬೆನ್ನ ಹಿಂದಕ್ಕೆ ತಳ್ಳಿ ಬಿಲ್ಲೆಳೆದ.

“ಹೆದರ್ಬೇಡಿ ಅಣ್ಣಾ, ನೀವು ಕೂರಿಸಿದ ಅಲಗು ಇದೆಯಲ್ಲ.”